ಕಿಣ್ವ ಕದಡಿದ ನೀರು

ನಮ್ಮ ಸೋದರತ್ತೆ ಬಕೆಟ್ಟಿನ ನೀರನ್ನು ಮಣಿಕಟ್ಟಿಗೆ ಮುಟ್ಟಿಸಿ ನೋಡದೆ, ಹಸಿಹುಲ್ಲು ಮುಚ್ಚಿ ಹುಳಿಯಿಡುವ ರಸಮೇವಿನ ಗುಂಡಿಯ ಹತ್ತಿರ ಸುಳಿಯುವವಳಲ್ಲ. ಕೂಸಿಗೆ ಎರೆಯುವ ನೀರೇನು ಅದು? ಮೇವಿಗೆ ಚಿಮುಕಿಸುವ ಕಿಣ್ವದ ಪುಡಿ ಕದಡುವ ನೀರು. ತಣ್ಣಗಿದ್ದರೂ ಮೂರು ಸಲ ನೋಡುತ್ತಾಳೆ. ನನಗೆ ರೇಗಿಹೋಗುತ್ತಿತ್ತು. ಕಾರಣ ಗೊತ್ತಾಗಿದ್ದು ಹೋದ ವಾರ.

ಗಂಡನನ್ನು ಬಿಟ್ಟು ಬಂದು ಅಣ್ಣನ ಮನೆಯಲ್ಲಿ, ಅಂದರೆ ನಮ್ಮ ಮನೆಯಲ್ಲಿ, ನಿಂತವಳು ಅತ್ತೆ. ಹದಿನಾಲ್ಕು ಹಸುಗಳ ಹೊಣೆ ಅವಳದು. ನಮ್ಮಮ್ಮನ ಬಾಯಿ ಊರಿಗೇ ಗೊತ್ತು. ಒಂದು ತಪ್ಪಾದರೆ ಅತ್ತೆಯ ಗಂಟುಮೂಟೆ ಬಾಗಿಲಾಚೆ. ಹನ್ನೊಂದು ವರ್ಷದ ಹಿಂದೆ ಒಮ್ಮೆ ಹುಲ್ಲು ಬಲಿತು ಒರಟಾಗಿತ್ತು. ಹಾಗೇ ಮುಚ್ಚಿದರೆ ಕೊಳೆಯುತ್ತದೆ, ಕಿಣ್ವ ಹಾಕಿದರೆ ನಾರು ಸಡಿಲಿ ಹದವಾಗಿ ಹುಳಿಯಾಗುತ್ತದೆ ಎಂದು ಪುಡಿ ಕೊಟ್ಟವರು ಮೇವಿನ ಮೇಷ್ಟ್ರು. ಶಾಲೆಯ ಮೇಷ್ಟ್ರಲ್ಲ, ಹಳೇ ಸ್ಕೂಟರಿನಲ್ಲಿ ಪುಡಿ ಮಾರುವವರು. ಪಾಠ ಮಾಡದೆ ಪೊಟ್ಟಣ ಕೊಡುತ್ತಿರಲಿಲ್ಲ, ಅದಕ್ಕೇ ಆ ಹೆಸರು. "ತಣ್ಣೀರಲ್ಲೇ ಕಲಸಮ್ಮಾ" ಎಂದು ಹೇಳಿಯೇ ಹೋಗಿದ್ದರು. ಪುಡಿ ಗಂಟುಕಟ್ಟಿತು. ಬೇಗ ಕರಗಲಿ ಎಂದು ಅತ್ತೆ ಅದನ್ನು ಬಚ್ಚಲ ಹಂಡೆಯ ಕುದಿನೀರಿಗೇ ಸುರಿದಳು. ಆ ಬಿಸಿಗೆ ಕಿಣ್ವ ಅಲ್ಲೇ ಸತ್ತಿತು.

ನಲವತ್ತೈದು ದಿನಕ್ಕೆ ಗುಂಡಿ ತೆಗೆದರೆ, ಅಯ್ಯಯ್ಯೋ, ಕೊಳೆತ ನಾತ! ದಂಡವಾಗಬಾರದೆಂದು ಅಪ್ಪ ಚೆನ್ನಾಗಿ ಕಂಡದ್ದನ್ನು ಆರಿಸಿ ಹಸುಗಳಿಗೆ ಹಾಕಿಸಿದ. ಗಬ್ಬದ ಹಸುವೊಂದು ದಿನ ತುಂಬದೆ ಕಂದು ಹಾಕಿ, ಮೂರನೇ ದಿನ ತಾನೂ ಸತ್ತಿತು. ಅಮ್ಮ ಮೇಷ್ಟ್ರನ್ನು ಕರೆಸಿ ಬೀದಿಯಲ್ಲೇ ನಿಲ್ಲಿಸಿ ಜಾಲಾಡಿದಳು. ಗುಂಡಿಯ ಮೇವು ಮುಟ್ಟಿ ನೋಡಿ, ಕೈ ತೊಳೆಯಲು ಬಚ್ಚಲಿಗೆ ಹೋದ ಮೇಷ್ಟ್ರು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಬಂದು, "ಪುಡಿ ನಂದು, ತಪ್ಪೂ ನಂದೇ" ಅಂದರು. ಅತ್ತೆ ತುಟಿ ಪಿಟಕ್ಕೆನ್ನಲಿಲ್ಲ.

ಆಮೇಲೆ ಎಲ್ಲರೂ ಪೇಟೆಯ ಪುಡಿ ತಂದರು, ಅವರ ಪುಡಿ ಯಾರೂ ಮುಟ್ಟಲಿಲ್ಲ. ಕೊರಗಿ ಕೊರಗಿ ಎರಡೇ ವರ್ಷಕ್ಕೆ ಹೋಗಿಬಿಟ್ಟರು, ಪಾಪ. ಅಂದಿನಿಂದ ಗುಂಡಿ ಮುಚ್ಚುವಾಗೆಲ್ಲ ಅತ್ತೆಗೆ ಬೇಲಿಯಾಚೆ ಸ್ಕೂಟರ್ ಬಂದು ನಿಂತ ಸದ್ದು. "ನೋಡೇ, ಬಂದ್ರು" ಅನ್ನುತ್ತಿದ್ದಳು. ಹೋಗಿ ನೋಡಿದರೆ ಯಾರೂ ಇರುತ್ತಿರಲಿಲ್ಲ.

ಹೋದ ವಾರ ನಿಜವಾಗಿಯೇ ನಿಂತಿತು, ಅದೇ ಸ್ಕೂಟರು. ಇಳಿದವಳು ಮೇಷ್ಟ್ರ ಮಗಳು, ಕೈಯಲ್ಲಿ ಮಾರಲು ತಂದ ಪುಡಿಯ ಪೊಟ್ಟಣ. ಅತ್ತೆ ಬಕೆಟ್ ಕೆಳಗಿಟ್ಟಳು. ಹನ್ನೊಂದು ವರ್ಷ ನುಂಗಿಕೊಂಡಿದ್ದನ್ನೆಲ್ಲ ನನ್ನೆದುರೇ ಹೇಳಿದಳು.

"ಕುದಿನೀರಿಗೆ ಹಾಕಿದ್ದು ನಾನು ಕಣಮ್ಮಾ. ನಿಮ್ಮಪ್ಪನ್ನ ನಾನೇ ಕೊಂದೆ."

ಆ ಹುಡುಗಿ ಅಳಲಿಲ್ಲ, ಬೈಯಲೂ ಇಲ್ಲ.

"ಅಪ್ಪಂಗೆ ಗೊತ್ತಿತ್ತಮ್ಮಾ. ಹಂಡೆ ಅಂಚಲ್ಲಿ ಪುಡಿ ಕರೆಗಟ್ಟಿತ್ತಂತೆ."

"ಮತ್ಯಾಕೆ ಹೇಳ್ಲಿಲ್ಲ?"

"ನಿಮ್ಮನ್ನ ಮನೆಯಿಂದ ಓಡಿಸ್ತಾರೆ ಅಂತ. ನೀವೇ ಬಂದು ಒಂದು ಮಾತು ಹೇಳ್ತೀರ ಅಂತ, ಕೊನೇವರೆಗೂ ಬಾಗಿಲ ಕಡೆ ನೋಡ್ತಿದ್ರು."

ಸ್ಕೂಟರು ಹೊರಟುಹೋಯಿತು. ಅತ್ತೆಗೆ ಈಗ ಆ ಸದ್ದು ದಿನವೂ ಕೇಳುತ್ತದೆ.