ಹುಳು ಹಣ್ಣಾದ ದಿನ ಬಂದ ಫೋನು

ಮಂಜುಳಾ, ನಿನ್ನ ತಾಯಿ ತೀರಿಹೋದ ಸುದ್ದಿ ನನಗೆ ಬೆಳಿಗ್ಗೆ ಎಂಟಕ್ಕೇ ಗೊತ್ತಿತ್ತು. ನಿನಗೆ ಹೇಳಿದ್ದು ಸಂಜೆ. ನಿನ್ನ ಅಣ್ಣ ಸುಳ್ಳು ಹೇಳಿರಲಿಲ್ಲ — ಸುಳ್ಳು ಹೇಳಿದವಳು ನಾನು, ನಿನ್ನ ಅತ್ತೆ.

ಅವತ್ತು ರೇಷ್ಮೆಹುಳು ಹಣ್ಣಾಗಿದ್ದವು. ಗೂಡು ಕಟ್ಟಲು ಒಂದೊಂದನ್ನೇ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡಬೇಕು, ನಾಳೆಗೆ ಕಾಯುವುದಿಲ್ಲ ಅವು. ಸಾವಿನ ಮನೆಗೆ ಹೋಗಿಬಂದವರು ಹುಳುಮನೆಗೆ ಕಾಲಿಡುವಂತಿಲ್ಲ. ನನ್ನ ಮಗ, ನಿನ್ನ ಗಂಡನೂ ಊರಲ್ಲಿರಲಿಲ್ಲ. ನಿನ್ನ ತವರು ಮಾಗಡಿಯಿಂದ ಅಣ್ಣ ನನ್ನ ಫೋನಿಗೆ ಮಾಡಿದ್ದ. "ಅವ್ವ ಹೋಗ್ಬುಟ್ಲು ಕಣತ್ತೆ. ಮಂಜುಳನ್ನ ಬೇಗ ಕಳಿಸಿ, ಮೂರು ಗಂಟೆಗೆ ಮಣ್ಣು ಮಾಡ್ತೀವಿ." ಹೂಂ ಎಂದೆ. ಒಳಗೆ ನೀನು ಏನೋ ಗುನುಗುತ್ತಾ ಹುಳು ಆರಿಸುತ್ತಿದ್ದೆ. ಇನ್ನೊಂದು ತಟ್ಟೆ ಮುಗಿಯಲಿ, ಇನ್ನೊಂದು — ಹಾಗೆಯೇ ಹೊತ್ತು ಇಳಿಯಿತು.

ನೀನು ಹೋಗುವಷ್ಟರಲ್ಲಿ ಮಣ್ಣಾಗಿತ್ತು. ಬೆಳಿಗ್ಗೆಯೇ ಹೇಳಿದ್ದೆ ಎಂದನಂತೆ ಅಣ್ಣ. ನೀನು ವಾಪಸ್ ಬಂದು ನನ್ನನ್ನು ಕೇಳಿದೆ. "ಅವನೆಲ್ಲಿ ಮಾಡಿದ್ನವ್ವ? ಫೋನು ಬಂದದ್ದೇ ಸಂಜೇಲಿ" ಎಂದೆ. ಒಡಹುಟ್ಟಿದವನನ್ನು ಬಿಟ್ಟು ನನ್ನನ್ನು ನಂಬಿದೆ. ಆರು ವರ್ಷದಿಂದ ತವರಿನ ಹೊಸಿಲು ತುಳಿದಿಲ್ಲ.

ನಿನ್ನ ಗಂಟಲು ಹಿಡಿದದ್ದು ಆ ತಿಂಗಳಲ್ಲೇ. ಮುದ್ದೆ ಇಳಿಯದು, ಅನ್ನವೂ ತುತ್ತಿಗೊಮ್ಮೆ ನೀರು ಕುಡಿದರೇ. ಬಳೆ ಕೈಯಲ್ಲಿ ನಿಲ್ಲದಷ್ಟು ಸೊರಗಿದೆ. ಉಣ್ಣುವುದಕ್ಕೂ ನಾಟಕವೇ ಎಂದು ಗೊಣಗಿದವಳೂ ನಾನೇ. ಚನ್ನಪಟ್ಟಣದ ಡಾಕ್ಟರು ಗಂಟಲಿಗೆ ಪೈಪು ಬಿಟ್ಟು ನೋಡಿದರು — ಹುಣ್ಣಿಲ್ಲ, ಗಡ್ಡೆಯಿಲ್ಲ. "ಇವರು ನಾಟಕ ಮಾಡ್ತಿಲ್ಲಮ್ಮ, ನಿಜವಾಗ್ಲೂ ಇಳೀತಿಲ್ಲ. ಮನಸ್ಸಿಗೆ ಏಟು ಬಿದ್ರೂ ಹಿಂಗಾಗುತ್ತೆ. ಏನಾದ್ರೂ ಆಗಿತ್ತಾ?" ನೀನು ಬಾಯಿ ತೆರೆಯುವ ಮೊದಲೇ "ಅಂಥಾದ್ದೇನೂ ಇಲ್ಲ ಸಾರ್" ಎಂದುಬಿಟ್ಟೆ. ಮೊದಲನೆಯ ಸುಳ್ಳಿಗೆ ಹುಳುವಿನ ನೆಪವಾದರೂ ಇತ್ತು. ಇದಕ್ಕೆ ಏನಿತ್ತು — ನನ್ನ ಮಾನ. ನಿನ್ನ ಜೀವಕ್ಕಿಂತ ಅದೇ ದೊಡ್ಡದಾಯಿತು ನನಗೆ.

ಆ ಡಾಕ್ಟರ ಹತ್ತಿರ ಮತ್ತೆ ಹೋಗೋಣ. ಕೇಳಿದರೆ ಈ ಸಲ ನಾನೇ ಹೇಳುತ್ತೇನೆ. ಕ್ಷಮಿಸು ಎನ್ನಲು ಬಾಯಿ ಬರುತ್ತಿಲ್ಲ.

ಇವತ್ತು ನಿನ್ನ ಅಣ್ಣನಿಗೆ ಫೋನು ಮಾಡಿ ಎಲ್ಲವನ್ನೂ ಒಪ್ಪಿಕೊಂಡೆ. ಬೈಯಲಿ ಎಂದೇ ಕಾದೆ. ಅವನು ಬೈಯಲಿಲ್ಲ. "ಈಗ ಒಸಿನಾದ್ರೂ ಉಣ್ತಾಳಾ?" ಎಂದು ಕೇಳಿದ. ಇಲ್ಲಪ್ಪ ಎಂದೆ. ನಾಳೆ ಮೊದಲ ಬಸ್ಸಿಗೆ ಬರುತ್ತಾನೆ. ನೀನು ಅವನ ಜೊತೆ ಹೊರಟುಬಿಟ್ಟರೂ ನಾನು ತಡೆಯುವುದಿಲ್ಲ.