ಮೂರನೇ ಅಧ್ಯಾಯದ ಗೆಲುವು

ಪ್ರಬಲ ರಾಷ್ಟ್ರವೊಂದು ಸದಾ ಕುದಿಯುತ್ತಿರುವ ದೂರದ ಪ್ರದೇಶದಲ್ಲಿ ಯಾರ ಕೈ ಹಿಡಿಯುತ್ತದೆ, ಏಕೆ ಹಿಡಿಯುತ್ತದೆ ಎಂಬ ಪ್ರಶ್ನೆ ಬಂದಾಗಲೆಲ್ಲ ನಮ್ಮ ವಿದ್ವದ್ವಲಯ ಮೊದಲು ನೆನೆಯುವುದು ಈ ಅಭಿನಂದನ ಸಂಪುಟಕ್ಕೆ ಕಾರಣರಾದ ನಮ್ಮ ಮೇಷ್ಟ್ರನ್ನೇ. ಮೂವತ್ತನಾಲ್ಕು ವರ್ಷ ರಾಜ್ಯಶಾಸ್ತ್ರ ವಿಭಾಗದಲ್ಲಿ ಪಾಠ ಹೇಳಿದ ಅವರಿಗೆ ವಿದ್ಯಾರ್ಥಿಗಳಿಟ್ಟ ಹೆಸರು ತೈಲ ಮೇಷ್ಟ್ರು. "ಭೂಮಿ ಒಳಗಿನ ಎಣ್ಣೆ ಎಲ್ಲಿದೆ ಅಂತ ಇವರಿಗೆ ಗೊತ್ತು, ಅಡುಗೆಮನೇಲಿ ಎಣ್ಣೆ ಮುಗಿದದ್ದು ಮಾತ್ರ ಗೊತ್ತಾಗಲ್ಲ" ಎಂದು ಅವರ ಮಡದಿ ನಮ್ಮೆದುರೇ ಛೇಡಿಸುತ್ತಿದ್ದರು.

ಆ ಹೆಸರಿಗೆ ಕಾರಣ ಅವರು ಮೂವತ್ತು ತುಂಬುವ ಮೊದಲೇ ಬರೆದ ಗ್ರಂಥ. ಎಣ್ಣೆ ಸಿಕ್ಕಲ್ಲಿ ಸ್ನೇಹ ಹುಟ್ಟುತ್ತದೆ ಎಂಬುದು ಅದರ ತಾತ್ಪರ್ಯ. ವಿಭಾಗದ ಗೋಡೆಯ ಭೂಪಟದಲ್ಲಿ ಎಣ್ಣೆ ಬಾವಿಗಳಿಗೆ ಕಪ್ಪು ಗುಂಡುಸೂಜಿ ಚುಚ್ಚಿ, ಒಪ್ಪಂದಗಳಿಗೆ ಕೆಂಪು ದಾರ ಎಳೆದಿದ್ದರು. ಮೂರನೇ ಅಧ್ಯಾಯದ ಬಲವಾದ ಸಾಕ್ಷಿ ಪುಟ್ಟದೊಂದು ಮರುಭೂಮಿ ರಾಜ್ಯ. ಅಲ್ಲಿ ಮೊದಲು ಎಣ್ಣೆ ಸಿಕ್ಕಿತು, ಎರಡು ವರ್ಷದ ನಂತರ ಆ ಪ್ರಬಲ ರಾಷ್ಟ್ರದೊಂದಿಗೆ ಸೈನಿಕ ಒಪ್ಪಂದವಾಯಿತು ಎಂದು ಬರೆದಿದ್ದರು.

ಅವರ ವಿಚಾರಗೋಷ್ಠಿಗೆ ಒಂದು ವಿಲಕ್ಷಣ ಕಟ್ಟಳೆಯಿತ್ತು. ಪ್ರಬಂಧ ಮಂಡಿಸಿದವರು ಕೊನೆಗೆ ಕಿಟಕಿ ಪಕ್ಕದ ಕೈ ಮುರಿದ ಕುರ್ಚಿಯಲ್ಲಿ ಕುಳಿತು, ಹದಿನೈದು ನಿಮಿಷ ತಮ್ಮ ವಾದವನ್ನು ತಾವೇ ಖಂಡಿಸಬೇಕು. ನಾವು ಅದನ್ನು ಎದುರಾಳಿ ಕುರ್ಚಿ ಎನ್ನುತ್ತಿದ್ದೆವು, ಅದರಲ್ಲಿ ಬೆವರದವರಿಲ್ಲ.

ನಾನು ಅವರ ಬಳಿ ಸಂಶೋಧನೆಗೆ ಸೇರಿದ ನಾಲ್ಕನೇ ವರ್ಷ ಆ ಒಪ್ಪಂದದ ಮೂಲ ಪ್ರತಿ ದಾಖಲೆ ಸಂಗ್ರಹದಲ್ಲಿ ಸಿಕ್ಕಿತು. ಸಹಿ ಬಿದ್ದ ಮೇಲೆ ನಾಲ್ಕು ವರ್ಷ ಅದನ್ನು ಗುಟ್ಟಾಗಿಟ್ಟಿದ್ದರು. ಮೇಷ್ಟ್ರು ಹಿಡಿದದ್ದು ಅದು ಬಹಿರಂಗವಾದ ವರ್ಷವನ್ನು. ಅಂದರೆ ಒಪ್ಪಂದ ಮೊದಲು ಆಗಿತ್ತು, ಎಣ್ಣೆ ಎರಡು ವರ್ಷ ಆಮೇಲೆ ಸಿಕ್ಕಿತ್ತು. ನನ್ನ ತಂದೆ ಆಸ್ಪತ್ರೆ ಸೇರಿದಾಗ ಮೂರು ವಾರ ನಾನು ಪಾಠ ಹೇಳಬೇಕಿದ್ದ ತರಗತಿಗಳನ್ನು ಸದ್ದಿಲ್ಲದೆ ತಾವೇ ನಡೆಸಿಕೊಟ್ಟವರು ಅವರು. ಉಂಡ ಮನೆಗೆ ಎರಡು ಬಗೆಯುವುದು ಹೇಗೆಂದು ಒಂದು ತಿಂಗಳು ಬಾಯಿ ಬಿಡಲಿಲ್ಲ. ಕೊನೆಗೆ ಹೇಳಿದೆ.

"ಮೂಲ ಪ್ರತಿ ನೀನೇ ನೋಡಿದ್ಯಾ?"

"ನೋಡಿದೆ ಸರ್."

"ಮತ್ತೆ ನನ್ನ ಮುಖ ಯಾಕೆ ನೋಡ್ತೀಯ? ಬರಿ."

ಬರೆದೆ. ಅದೇ ಗೋಷ್ಠಿ ಕೋಣೆಯಲ್ಲಿ ನಡೆದ ಮೌಖಿಕ ಪರೀಕ್ಷೆಗೆ ಬಂದ ಹೊರಗಿನ ಪರೀಕ್ಷಕರು ಆ ಗ್ರಂಥದ ಪರಮ ಭಕ್ತರು. "ಗುರುಗಳ ಪುಸ್ತಕಾನೇ ಅಲ್ಲಗಳೆಯೋ ಪ್ರಬಂಧಕ್ಕೆ ನಾನು ಸಹಿ ಹಾಕಲ್ಲ" ಎಂದು ಲೇಖನಿ ಮುಚ್ಚಿಟ್ಟರು. ಐದು ವರ್ಷದ ದುಡಿಮೆ ನೀರಲ್ಲಿ ಹೋಮವಾಯಿತೆಂದುಕೊಂಡೆ.

ಆಗ ಮೇಷ್ಟ್ರು ಎದ್ದರು, ನೆಟ್ಟಗೆ ಹೋಗಿ ಎದುರಾಳಿ ಕುರ್ಚಿಯಲ್ಲಿ ಕುಳಿತರು. ಹದಿನೈದು ನಿಮಿಷ ತಮ್ಮ ಗ್ರಂಥವನ್ನು ತಾವೇ ಖಂಡಿಸಿದರು. ಒಪ್ಪಂದದ ವರ್ಷವನ್ನು ತಪ್ಪಾಗಿ ಹಿಡಿದದ್ದನ್ನು ಒಪ್ಪಿಕೊಂಡರು. ಒಂದು ತೊಟ್ಟು ಎಣ್ಣೆಯಿಲ್ಲದ ಮೂರು ದೇಶಗಳಿಗೂ ಕೆಂಪು ದಾರ ಹೋಗಿರುವುದನ್ನು ತೋರಿಸಿದರು. ತನ್ನ ನೆಲದಲ್ಲೇ ಸಾಕಷ್ಟು ಎಣ್ಣೆ ಸಿಕ್ಕ ಮೇಲೂ ಆ ಪ್ರಬಲ ರಾಷ್ಟ್ರ ಅಲ್ಲಿಂದ ಕಾಲು ಕೀಳದಿರುವುದೇಕೆಂದು ಕೇಳಿದರು. "ಎಣ್ಣೆ ಒಂದು ಕಾರಣ, ಇಲ್ಲ ಅನ್ನಲ್ಲ. ಆದ್ರೆ ಎದುರಾಳಿ ಭಯ ಇದೆ, ಸಮುದ್ರದ ದಾರಿ ಇದೆ, ಸಿಂಹಾಸನ ಉಳಿಸ್ಕೊಳ್ಳೋ ಚಿಂತೆ ಇದೆ. ನನಗೆ ಇದನ್ನ ಕಲಿಸಿದ್ದು ಈ ಹುಡುಗಿ" ಎಂದರು. ಪರೀಕ್ಷಕರು ಲೇಖನಿ ತೆರೆದು ಸಹಿ ಹಾಕಿದರು. ಅಂದು ನನಗೆ ಪದವಿ ಸಿಕ್ಕಿತು ನಿಜ, ಗೆದ್ದವರು ಮಾತ್ರ ಮೇಷ್ಟ್ರೇ.

ಮರುವರ್ಷ ಗ್ರಂಥದ ಹೊಸ ಆವೃತ್ತಿ ಬಂತು. ಮೂರನೇ ಅಧ್ಯಾಯವನ್ನು ಪೂರ್ತಿಯಾಗಿ ತಿದ್ದಿ ಬರೆದು, ಮೊದಲ ಪುಟದಲ್ಲೇ ತಮ್ಮ ತಪ್ಪನ್ನೂ ನನ್ನ ಹೆಸರನ್ನೂ ಅಚ್ಚು ಹಾಕಿಸಿದ್ದರು. ಇಂದು ಎಲ್ಲೆಡೆ ಪಾಠವಾಗುತ್ತಿರುವುದು ಆ ಆವೃತ್ತಿಯೇ ಎಂದು ಹೇಳುವಾಗ ನನ್ನ ಎದೆ ಉಬ್ಬುತ್ತದೆ.

ನಿವೃತ್ತಿಯ ದಿನ ವಿಭಾಗ ಅವರಿಗೆ ಹೊಸ ಆರಾಮಕುರ್ಚಿ ಕೊಟ್ಟಿತು. ಅವರು ಅದನ್ನು ನಮಗೇ ಬಿಟ್ಟು, ಕೈ ಮುರಿದ ಕುರ್ಚಿಯನ್ನು ಆಟೋದಲ್ಲಿ ಹಾಕಿಕೊಂಡು ಮನೆಗೆ ಹೋದರು. ನನ್ನ ಹೊಸ ಪುಸ್ತಕದ ಕರಡು ಈಗ ಆ ಕುರ್ಚಿಯ ಮುಂದಿದೆ. ಮೇಷ್ಟ್ರು ಆರೋಗ್ಯವಂತರಾಗಿ ನೂರು ವರ್ಷ ಬಾಳಲಿ, ಆ ಕರಡಿನಲ್ಲಿ ತಪ್ಪು ಹುಡುಕಲಿ. ಮೂರನೇ ಅಧ್ಯಾಯದಿಂದಲೇ ಶುರು ಮಾಡಲಿ.