ದೊಡ್ಡಮ್ಮನಿಗೆ ಮೂರೆಲೆ

ದೊಡ್ಡಮ್ಮನ ಎಡಗಣ್ಣಿನ ಕಪ್ಪುಗುಡ್ಡೆಯ ಮೇಲೆ ನೆನೆದ ಅವಲಕ್ಕಿಯೊಂದು ಅಂಟಿಕೊಂಡಂತೆ ಬಿಳಿ ಪೊರೆಯಿತ್ತು. ಅದು ಬೀದಿಗೆಲ್ಲ ಗೊತ್ತಿದ್ದದ್ದೇ. ಯಾರಾದರೂ ಕೇಳಿದರೆ, "ಇನ್ನೊಂದದೆ ಬುಡಿ, ಸೂಜಿಗೆ ದಾರ ಪೋಣುಸ್ತೀನಿ" ಅನ್ನುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ನಾನು ಮದುವೆಯಾಗಿ ಮೈಸೂರಿನಿಂದ ಮಳವಳ್ಳಿಗೆ ಬಂದಾಗ ಅವರು ನಮ್ಮ ಪಕ್ಕದ ಮನೆಯವರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನಮ್ಮ ಯಜಮಾನರದು ಜಮೀನು ಅಳೆಯುವ ಕೆಲಸ. ಪೂರಿಗಾಲಿ ಕಡೆಗೆ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದು ಬೋರಲು ಹಾಕಿದ ಮೇಲೆ ಮನೆಯಲ್ಲಿ ಅವುಗಳಿಂದ ನೀರು ತೊಟ್ಟಿಕ್ಕುವ ಸದ್ದೊಂದೇ. ಅದೂ ನಿಲ್ಲುವ ಹೊತ್ತಿಗೆ ಗೋಡೆಯಾಚೆಯಿಂದ ದೊಡ್ಡಮ್ಮನ ಕೂಗು ಬರುತ್ತಿತ್ತು: "ಬಾರವ್ವ ಇತ್ತಗೆ, ಒಬ್ಳೇ ಗ್ವಾಡೆ ನೋಡ್ಕಂಡು ಏನ್ ಮಾಡೀಯೆ?"

ಅವರ ಪಡಸಾಲೆಯಲ್ಲಿ ಚಾಪೆ ಹಾಸಿ ನಾಲ್ಕೈದು ಹೆಂಗಸರು ಇಸ್ಪೀಟು ಆಡುತ್ತಿದ್ದರು. ಪಣಕ್ಕೆ ಹುಣಸೆಬೀಜ. ಎಲ್ಲರಿಗೂ ಮೂರು ಮೂರು ಎಲೆ, ಹಂಚುವವರಿಗೂ ಮೂರು. ನಮ್ಮ ಎಲೆ ನೋಡಿಕೊಂಡು ನಿಲ್ಲಬೇಕು, ಇಲ್ಲವೇ ಎಸೆದುಬಿಡಬೇಕು. ನಿಂತವರು ಹಂಚಿದವರ ಎಲೆಯನ್ನು ಮೀರಿಸಿದರೆ ಗೆದ್ದಂತೆ, ನಮ್ಮನಮ್ಮಲ್ಲಿ ಪೈಪೋಟಿಯಿಲ್ಲ. ಹಂಚುವ ಪಟ್ಟ ಅಂಚೆ ಮಾಸ್ತರರ ಹೆಂಡತಿಯದು. ಅದನ್ನು ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಒಂದು ದಿನ ದೊಡ್ಡಮ್ಮ ಮೂರೆಲೆಯನ್ನು ಬೀಸಣಿಗೆಯಂತೆ ಹಿಡಿದು ಬಹಳ ಗಂಭೀರವಾಗಿ ನೋಡುತ್ತಿದ್ದರು. ಎಲೆಗಳ ಮುಖ ನನ್ನ ಕಡೆಗಿತ್ತು, ಬೆನ್ನು ಅವರ ಕಡೆಗೆ. ಉಳಿದವರೆಲ್ಲ ಹುಣಸೆಬೀಜದ ಜಗಳದಲ್ಲಿದ್ದರು. ನಾನು ಮೆಲ್ಲಗೆ ಕೈಚಾಚಿ ಎಲೆಗಳನ್ನು ತಿರುಗಿಸಿ ಹಿಡಿಸಿದೆ. ಅವರ ಬೆರಳುಗಳು ತಣ್ಣಗಿದ್ದವು.

ಎಲ್ಲರೂ ಹೋದ ಮೇಲೆ ನನ್ನ ಕೈ ಹಿಡಿದುಕೊಂಡರು. "ಯಾರ್ಗೂ ಯೋಳ್ಬ್ಯಾಡ ಕಣವ್ವ. ಇನ್ನೊಂದೂ ಓಗದೆ. ಕುಲ್ಡಿ ಅಂತ ಗೊತ್ತಾದ್ರೆ ಪಾಪ ಅಂತ ಸಾರು ತಂದ್ಕೊಟ್ಟು ಓಯ್ತರೆ. ಆಟಕ್ ಸೇರ್ಸಕಿಲ್ಲ."

ಅಂದಿನಿಂದ ನಾನು ಅವರ ಮಗ್ಗುಲಲ್ಲೇ ಕೂರುತ್ತಿದ್ದೆ. ಅಡಿಕೆ ಕೇಳುವ ನೆಪದಲ್ಲಿ ಬಾಗಿ, "ಕಳಾವರ್ ರಾಜ, ಆಟೀನು ಒಂಬತ್ತು" ಎಂದು ಕಿವಿಯಲ್ಲಿ ಉಸುರುತ್ತಿದ್ದೆ. ಕಾನ್ವೆಂಟಿನಲ್ಲಿ ಪಕ್ಕದವಳು ನೋಡದಂತೆ ಉತ್ತರಪತ್ರಿಕೆಗೆ ಕೈ ಅಡ್ಡ ಹಿಡಿದು ಬರೆಯಲು ಕಲಿತವಳು ನಾನು. ಇಲ್ಲಿ ನನ್ನ ಎಲೆಗಳನ್ನೂ ಅವರಿಗೆ ಹೇಳಿಬಿಡುತ್ತಿದ್ದೆ. ಅದೇನೋ ಹಗುರವೆನಿಸುತ್ತಿತ್ತು.

ಅಂಚೆ ಮಾಸ್ತರರ ಹೆಂಡತಿ ಎಷ್ಟು ದಿನ ಸುಮ್ಮನಿದ್ದಾರು? ಎಲೆ ಕಲೆಸುವುದನ್ನು ನಿಲ್ಲಿಸಿ ಕೇಳಿಯೇಬಿಟ್ಟರು. "ಏನಮ್ಮ ಅದು ಪಿಸಿಪಿಸಿ? ಒಬ್ರೆಲೆ ಒಬ್ರು ನೋಡ್ಕೊಂಡ್ ಆಡಿದ್ರೆ ನಾನ್ ಗೆಲ್ಲೋದು ಹೆಂಗೆ? ನೀನು ಈ ಕಡೆ ಬಂದ್ ಕೂತ್ಕೋ."

ನನ್ನ ಸೆರಗಿನ ತುದಿ ದೊಡ್ಡಮ್ಮನ ಮುಷ್ಟಿಯಲ್ಲಿತ್ತು. ನಾನು ಏಳಲಿಲ್ಲ.

"ಅವ್ಳ್ಯಾಕೆ ಏಳ್ಬೇಕು?" ಎಂದರು ದೊಡ್ಡಮ್ಮ, ದನಿ ಏರಿಸಿ. "ನಾವೆಲ್ಲ ನಿನ್ ಮ್ಯಾಲೆ ತಾನೆ ಆಡ್ತಿರದು? ನಮ್ಮೆಲೆ ನಾವ್ ನೋಡ್ಕಂಡ್ರೆ ನಿನ್ ಕೈಲಿರದು ಕಂಡದಾ? ಎಲ್ರೂ ಬಿಚ್ಚಿ ಮಡಗ್ರವ್ವ. ಅವ್ಳೊಬ್ಳು ಮುಚ್ಕಂಡಿರ್ಲಿ, ನೋಡಾನ."

"ಮುಚ್ಕೊಂಡಿರ್ತೀನಿ ಬಿಡಿ, ಎಲೆ ಮಾತ್ರ! ಬಾಯಿ ಅಲ್ಲ" ಎಂದರು ಆಕೆ. ಎಲ್ಲರೂ ನಕ್ಕೆವು, ದೊಡ್ಡಮ್ಮನೊಬ್ಬರನ್ನು ಬಿಟ್ಟು.

ಹಾಗೆ ಎಲೆ ಬಿಚ್ಚಿಟ್ಟುಕೊಂಡು ಆಡಿದೆವು. ಒಂದು ಆಟದಲ್ಲಿ ಮೂರು ಎಕ್ಕಗಳು ಚಾಪೆಯ ಮೇಲೆ ನಮ್ಮ ಕಣ್ಣೆದುರಿಗೇ ಇದ್ದವು. ಇನ್ನು ಹಂಚಿದವರ ಹತ್ತಿರ ದೊಡ್ಡದೇನಿದ್ದೀತು ಎಂದು ನಾನು ಬರೀ ರಾಜನನ್ನು ನಂಬಿ ನಿಂತೆ. ಅವರು ತಿರುಗಿಸಿದರೆ ಮೂರರ ಜೋಡಿ. ಜೋಡಿಯೆದುರು ಒಂಟಿ ರಾಜ ಏನು ಮಾಡಿಯಾನು? ನೋಡಿದ್ದರಿಂದ ಒಂದೆರಡು ಸಲ ಅನುಕೂಲವೂ ಆಯಿತು, ಇಲ್ಲವೆನ್ನಲಾರೆ. ಆದರೆ ಸಂಜೆ ಏಳುವಾಗ ಹುಣಸೆಬೀಜದ ಗುಡ್ಡೆ ಎಂದಿನಂತೆ ಹಂಚಿದವರ ಮುಂದೆಯೇ ಇತ್ತು.

"ನೋಡಿದ್ರೂ ಅಷ್ಟೇ, ನೋಡ್ದಿದ್ರೂ ಅಷ್ಟೇ! ಇನ್ಮೇಲೆ ಬಿಚ್ಚೇ ಆಡೋಣ" ಎಂದು ಆಕೆ ಬೀಜಗಳನ್ನು ಡಬ್ಬಿಗೆ ತುಂಬಿದರು.

ಮರುದಿನ ನಾನು ಎಂದಿನಂತೆ ಅಡಿಕೆಗೆಂದು ಬಾಗಿದೆ. ಅಷ್ಟರಲ್ಲಿ ಅಂಚೆ ಮಾಸ್ತರರ ಹೆಂಡತಿ ಒಂದೊಂದೇ ಎಲೆ ಇಡುತ್ತಾ ಗಟ್ಟಿಯಾಗಿ ಹೆಸರು ಹೇಳತೊಡಗಿದರು. "ದೊಡ್ಡಮ್ಮಂಗೆ ಆಟೀನು ಒಂಬತ್ತು. ದೊಡ್ಡಮ್ಮಂಗೆ ಇಸ್ಪೀಟ್ ರಾಣಿ." ಹೇಳಿ ಎಂದು ಯಾರೂ ಕೇಳಿರಲಿಲ್ಲ. ಆಕೆ ನನ್ನ ಮುಖವನ್ನೂ ನೋಡಲಿಲ್ಲ. ದೊಡ್ಡಮ್ಮ ಅಡಿಕೆ ಅಗಿಯುವುದನ್ನು ನಿಲ್ಲಿಸಿ, ಆಮೇಲೆ ಮತ್ತೆ ಅಗಿದರು.

ಅಂದು ಬಾಗಿಲವರೆಗೆ ಗೋಡೆ ಸವರುತ್ತಾ ನನ್ನೊಡನೆ ಬಂದರು. "ಅವ್ಳ್ಗೆ ಗೊತ್ತಾಗೋಗದೆ ಕಣವ್ವ" ಎಂದರು. "ಆದ್ರೂ ನಂಗೆ ಎಲೆ ಆಕುದ್ಲು."

ನಮಗೆ ಮಂಡ್ಯಕ್ಕೆ ವರ್ಗವಾಯಿತು. ಒಮ್ಮೆ ಪೇಟೆಗೆ ಬಂದಿದ್ದ ಅಂಚೆ ಮಾಸ್ತರರ ಹೆಂಡತಿ ನಮ್ಮ ಮನೆಗೂ ಬಂದು, ದೊಡ್ಡಮ್ಮ ಹೋದ ಸುದ್ದಿ ಹೇಳಿದರು. "ಹಿಂದಿನ ದಿನಾನೂ ಆಡಿದ್ರು ಕಣೆ. ಜೋಡಿ ಬಂದಿತ್ತು."

ಮಂಡ್ಯದ ಮನೆ ದೊಡ್ಡದು. ಯಜಮಾನರು ಈಗ ಕೊಪ್ಪದ ಕಡೆ ಹೋಗುತ್ತಿದ್ದರು. ಅಕ್ಕಪಕ್ಕದವರ ಬಾಗಿಲು ಸದಾ ಮುಚ್ಚಿಯೇ ಇರುತ್ತಿತ್ತು. ಮಧ್ಯಾಹ್ನ ಒಬ್ಬಳೇ ಚಾಪೆಯ ಮೇಲೆ ಎಲೆ ಹಾಸಿಕೊಳ್ಳುತ್ತಿದ್ದೆ. ಇಡುವಾಗ ಹೆಸರು ತಾನಾಗಿ ಬಾಯಿಗೆ ಬರುತ್ತಿತ್ತು.

ಹೊಸದಾಗಿ ಸೇರಿದ್ದ ಕೆಲಸದವಳು ಒಂದು ದಿನ ಬಾಗಿಲಲ್ಲೇ ನಿಂತು ಕೇಳಿದಳು. "ಯಾರ್ಗಮ್ಮ ಯೋಳ್ತಿದ್ದೀರಿ?"

ಚಾಪೆಯ ಮೇಲೆ ಜರುಗಿ ಅವಳಿಗೆ ಜಾಗ ಮಾಡಿ, ಮೂರೆಲೆ ಹಾಕಿದೆ.